ತಾರತಮ್ಯದ ಗುಂಡಿ

ಕೆಲವರು ಎಲ್ಲಿ ಹೋದರೂ ನಾಯಿ ಬೊಗಳುತ್ತದೆ. ನಾನು ಎಲ್ಲಿ ಹೋದರೂ ಯಾರಾದರೂ ಗುಂಡಿ ತೋಡುತ್ತಾರೆ. ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಲೇತ್ ಮುಂದೆ ನಿಂತು ರಿಟೈರಾದ ಮೇಲೆ, ಮಣ್ಣಿನೊಳಗಿನ ಲೋಹ ಹುಡುಕುವ ಮೆಟಲ್ ಡಿಟೆಕ್ಟರ್ ಒಂದನ್ನು ತಂದುಕೊಂಡೆ. ಅಂದಿನಿಂದ ಇದೇ ಪಾಡು. ಕನ್ನಡದಲ್ಲಿ ಒತ್ತುವುದೂ ಗುಂಡಿ, ತೋಡುವುದೂ ಗುಂಡಿ. ಒಂದನ್ನು ಒತ್ತಿದಾಗಲೆಲ್ಲ ಇನ್ನೊಂದಕ್ಕೆ ಬಿದ್ದಿದ್ದೇನೆ.

ನನ್ನ ಹೆಂಡತಿ ಮೊದಲ ದಿನವೇ ತೀರ್ಪು ಕೊಟ್ಟಳು. "ಆಯುಧಪೂಜೆ ಒಳಗೆ ಇದು ಒಂದು ಗುಲಗಂಜಿ ಚಿನ್ನ ಹುಡುಕ್ಲಿ. ಇಲ್ಲಾಂದ್ರೆ ಪೂಜೆ ಮುಗಿಸಿ ಗುಜರಿಗೆ ಹಾಕ್ತೀನಿ."

ಅವಳು ಹೇಳಿದ್ದನ್ನು ಮಾಡುವವಳು. ನನ್ನ ಹಳೇ ಸ್ಕೂಟರ್ ಹೋದದ್ದೂ ಹೀಗೇ, ಕುಂಕುಮದ ಸಮೇತ.

೧. ಮಿಷನ್ನಿಗೆ ಮಡಿ

ಮಿಷನ್ನಿನ ಜೊತೆ ಕನ್ನಡದಲ್ಲಿ ಒಂದು ಚೀಟಿ ಬಂದಿತ್ತು. ಮಣ್ಣಿನಲ್ಲಿ ಏನಿದೆ ಎಂಬುದಕ್ಕೆ ಪರದೆಯ ಮೇಲೆ ಒಂದು ನಂಬರ್ ಬರುತ್ತದೆ: ಕಬ್ಬಿಣಕ್ಕೆ ಸಣ್ಣದು, ತಾಮ್ರ, ಬೆಳ್ಳಿಗೆ ದೊಡ್ಡದು. ಬೇಡದ ನಂಬರಿಗೆ ಕೂಗದಂತೆ ಬಾಯಿ ಮುಚ್ಚಿಸಲು ಒಂದು ಗುಂಡಿ ಇದೆ. ಇಂಗ್ಲಿಷಿನಲ್ಲಿ ಅದರ ಹೆಸರು ಡಿಸ್ಕ್ರಿಮಿನೇಷನ್. ಅನುವಾದ ಮಾಡಿದ ಪುಣ್ಯಾತ್ಮ ಅದನ್ನು 'ತಾರತಮ್ಯ' ಎಂದು ಬರೆದಿದ್ದ.

ಎದುರುಮನೆಯ ರಿಟೈರ್ಡ್ ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ತಾರತಮ್ಯ ಹೆಚ್ಚಿಸಲು ಮೇಲಿನ ಗುಂಡಿ ಒತ್ತಿ. ಏನ್ರೀ ಇದು, ಮಿಷನ್ನಿಗೂ ಜಾತಿ ಕಲ್ಸಿದಾರಾ?"

"ಹಾಗಲ್ಲ ಮೇಷ್ಟ್ರೇ. ಮೊಳೆ, ತಗಡು ಸಿಕ್ಕಿದ್ರೆ ಕೂಗಬಾರದು ಅಂತ. ಕಬ್ಬಿಣಾನ ಸ್ವಲ್ಪ ದೂರ ಇಡುತ್ತೆ, ಅಷ್ಟೇ."

"ಎಲ್ಲರೂ ಅಷ್ಟೇ ಅಂತಾನೇ ಹೇಳೋದು," ಎಂದು ಚೀಟಿ ವಾಪಸ್ ಕೊಟ್ಟು ಹೊರಟರು. ಹೋಗುವಾಗ ನಮ್ಮ ಗೇಟನ್ನು ಬೆರಳಿನಿಂದ ತಟ್ಟಿದರು. "ಇದು ಕಬ್ಬಿಣದ್ದು. ನಿಮ್ಮ ಮಿಷನ್ ಆಚೆ ಹೋಗಿ ಬಂದಾಗೆಲ್ಲ ಸ್ನಾನ ಮಾಡ್ಸಿ ಒಳಗೆ ಬಿಟ್ಕೊಳಿ."

೨. ತಾತನ ಕೊಪ್ಪರಿಗೆ

ಉಲ್ಲಾಳದ ಹಳೇ ಊರಿನ ಯಜಮಾನರೊಬ್ಬರು ಕರೆಸಿದರು. ರಾಗಿ ಹೊಲ ಇದ್ದಲ್ಲಿ ಈಗ ಅವರ ಮೂರಂತಸ್ತಿನ ಮನೆ ಇದೆ. ಮೇಲೆಲ್ಲ ಬಾಡಿಗೆಗೆ, ಕೆಳಗೆ ಇವರು. ಹಿತ್ತಲ ಮೂಲೆಯಲ್ಲಿ ತಾತ ಕೊಪ್ಪರಿಗೆ ತುಂಬ ಹೊನ್ನು ಹೂತಿದ್ದಾರೆಂದು ಅವರ ಬಲವಾದ ನಂಬಿಕೆ.

ಮೂಲೆಗೆ ಹೋಗುತ್ತಿದ್ದಂತೆ ಮಿಷನ್ನು ಕಿರುಚಿತು. ನಂಬರ್ ಎಂಬತ್ತೈದು.

"ತಾಮ್ರ," ಎಂದೆ.

"ಕೊಪ್ಪರಿಗೆ ಮತ್ತೆ ಇನ್ಯಾತರದ್ದು ಇರುತ್ತೆ ಕಣ್ರೀ?" ಎಂದು ಪಂಚೆ ಎತ್ತಿ ಕಟ್ಟಿ ಅವರೇ ಹಾರೆ ಹಿಡಿದರು.

ಎರಡಡಿ ಹೋಗುವಷ್ಟರಲ್ಲಿ ಇದ್ದಿಲು ಬಂತು. ಪಾಲಿಗಿಲ್ಲದವರು ತೋಡಿದರೆ ನಿಧಿ ಇದ್ದಿಲಾಗಿಬಿಡುತ್ತದೆ ಎಂಬುದು ನಮ್ಮ ಕಡೆಯ ಮಾತು. ಯಜಮಾನರು ಅಲ್ಲೇ ಕುಸಿದು ಕೂತರು. "ನಂಗಿಲ್ಲ ಬಿಡಿ. ನೋಡ್ತಾ ನೋಡ್ತಾ ಇದ್ದಿಲಾಗೋಯ್ತು." ಅವರ ದನಿ ಕೇಳಿ ನನಗೂ ಪಾಪ ಅನ್ನಿಸಿತು. ಇನ್ನಷ್ಟು ತೋಡಿದಾಗ ಬಿಳೀ ಹರಳು ಸಿಕ್ಕಿತು. ನಾಲಿಗೆಗೆ ಇಟ್ಟು ನೋಡಿ, "ಉಪ್ಪು. ತಾತ ಉಪ್ಪಿನ ಋಣ ನೆನಪಿಸ್ತಿದಾರೆ," ಎಂದು ಹಾರೆ ಹಾಕಿ ಜೋರಾಗಿ ಮೀಟಿದರು. ಒಂದು ತಾಮ್ರದ ಪ್ಲೇಟು, ಕಿತ್ತುಹೋದ ವೈರಿನ ಸಮೇತ ಮೇಲೆ ಬಂತು.

ಮನೆ ಕಟ್ಟಿದಾಗ, ಯಾರಿಗೂ ಶಾಕ್ ಹೊಡೆಯದಿರಲೆಂದು ಎಲೆಕ್ಟ್ರಿಷಿಯನ್ ಇದ್ದಿಲು, ಉಪ್ಪು ಹಾಕಿ ಹೂತಿದ್ದ ಅರ್ಥಿಂಗ್ ಅದು.

ಮೇಲಿನ ಮನೆಯ ಹೆಂಗಸು ಬಾಲ್ಕನಿಯಿಂದ ಬಗ್ಗಿದರು. "ಅಂಕಲ್, ಕರೆಂಟಿನೋರು ಬಂದಿದಾರಾ? ವಾಷಿಂಗ್ ಮಿಷನ್ ಮುಟ್ಟಿದ್ರೆ ಜುಂ ಅಂತಿದೆ."

ಯಜಮಾನರು ಪ್ಲೇಟನ್ನು ಪಂಚೆಯಲ್ಲಿ ಮುಚ್ಚಿಕೊಂಡು ಹೇಳಿದರು, "ಏನಿಲ್ಲಮ್ಮ, ನಮ್ಮ ತಾತ ಬಂದಿದ್ರು. ಹತ್ತು ನಿಮಿಷ ಏನೂ ಮುಟ್ಬೇಡ."

೩. ಹದಿಮೂರು

ಇಲ್ಲೊಂದು ವಿಷಯ ಹೇಳಿಬಿಡಬೇಕು. ಮೂರು ವರ್ಷದ ಹಿಂದೆ ದೇವರ ದೀಪ ಮುಟ್ಟಿ ನಾನು ಸಿಗರೇಟು ಬಿಟ್ಟಿದ್ದೇನೆ. ಅಂದರೆ, ಮನೆಯೊಳಗೆ.

ಆಯುಧಪೂಜೆಗೆ ನಾಲ್ಕು ದಿನ ಇತ್ತು. ಬ್ಯಾಡರಹಳ್ಳಿಯ ನಮ್ಮ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ ಕಣಗಿಲೆ ಹೂ ಕೀಳುವಾಗ ಹೆಂಡತಿಯ ತಾಳಿಯ ದಾರ ಕಿತ್ತು, ಎರಡು ಚಿನ್ನದ ಗುಂಡುಗಳಲ್ಲಿ ಒಂದು ಹುಲ್ಲಿಗೆ ಬಿತ್ತು. ಅವಳ ಮುಖ ಸಣ್ಣದಾಗಿದ್ದು ನೋಡಿ ನನಗೆ ನಿಜವಾಗಿಯೂ ಸಂಕಟವಾಯಿತು. ಮಿಷನ್ನಿನ ಮಾನ ಉಳಿಸುವ ಆಸೆಯೂ ಇತ್ತು, ಸುಳ್ಳೇಕೆ. ಇಡೀ ಸೈಟು ಎರಡು ಸಲ ಸುತ್ತಿದೆ. ಮಿಷನ್ನು ಕಮಕ್ ಕಿಮಕ್ ಅನ್ನಲಿಲ್ಲ.

"ಇಲ್ಲಿಲ್ಲ ಕಣೇ," ಎಂದೆ.

"ಇಷ್ಟು ಕಸ ಇದೆ. ಅದಕ್ಕೂ ಕೂಗ್ತಿಲ್ವಲ್ಲ?"

"ಕಸಕ್ಕೆ ಕೂಗಬಾರದು ಅಂತ ಬೆಳ್ಳಿ ಕಾಗದದ ನಂಬರ್ ಮುಚ್ಚಿಟ್ಟಿದೀನಿ. ಅದೇ ತಾರತಮ್ಯ."

ಅವಳು ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ಇನ್ನೊಂದು ಗುಂಡನ್ನು ನೆಲದ ಮೇಲಿಟ್ಟಳು. "ಎಲ್ಲಿ, ಇದಕ್ಕೆ ಕೂಗ್ಸಿ."

ಮಿಷನ್ನನ್ನು ಗುಂಡಿನ ಮೇಲೆ ತಂದೆ. ಅದು ಮೌನವ್ರತ ಹಿಡಿದಿತ್ತು. ತಾರತಮ್ಯ ತೆಗೆದೆ. ಟಂಯ್ ಎಂದು ಕೂಗಿತು: ಹದಿಮೂರು. ಪಕ್ಕದಲ್ಲಿ ಬಿದ್ದಿದ್ದ, ಹೆಸರಿಗೆ ಬೆಳ್ಳಿಯಾದರೂ ಬರೀ ಅಲ್ಯೂಮಿನಿಯಮ್ಮಿನ ಬೆಳ್ಳಿ ಕಾಗದದ ಮೇಲೆ ಹಿಡಿದೆ. ಅದೂ ಹದಿಮೂರು. ಸಣ್ಣ ಚಿನ್ನಕ್ಕೂ ಬೆಳ್ಳಿ ಕಾಗದಕ್ಕೂ ಮಿಷನ್ನಿನ ಕಣ್ಣಲ್ಲಿ ಭೇದವೇ ಇಲ್ಲ.

"ಹಾಗಾದ್ರೆ ಕೂಗಿದ್ದೆಲ್ಲಾ ತೆಗೀರಿ," ಎಂದು ಅವಳು ಕುಡುಗೋಲು ಕೈಗೆ ಕೊಟ್ಟಳು.

ತೆಗೆದೆ. ಕೂಗಿದ್ದೆಲ್ಲಾ ಬೆಳ್ಳಿ ಕಾಗದ. ಒಂದು ಬಿರಿಯಾನಿ ಪಾರ್ಸಲಿನದು, ಎರಡು ಮಾತ್ರೆಯದು. ನಮ್ಮ ಕಾಂಪೌಂಡು ಹತ್ತಿರವಾದಂತೆ ಸಿಗರೇಟು ಪ್ಯಾಕಿನವೇ ಬರತೊಡಗಿದವು, ನಾನು ಹಲ್ಲುಜ್ಜುತ್ತಾ ನಿಲ್ಲುವ ಜಾಗದಿಂದ ಕೈಯೆಸೆತದಷ್ಟು ದೂರದಲ್ಲಿ, ಒಂದರ ಹಿಂದೆ ಒಂದು. ಅವಳು ಒಂದೊಂದನ್ನೇ ಬಿಡಿಸಿ ಕಲ್ಲಿನ ಮೇಲೆ ಸಾಲಾಗಿ ಜೋಡಿಸಿದಳು. ಹನ್ನೊಂದನೆಯದರ ಕೆಳಗೆ ಗುಂಡು ಸಿಕ್ಕಿತು. ಅವಳು ಅದನ್ನು ಕಣ್ಣಿಗೊತ್ತಿಕೊಂಡಳು.

ಮಿಷನ್ನು ಗುಜರಿಗೆ ಹೋಗಲಿಲ್ಲ. ಆಯುಧಪೂಜೆಗೆ ಅವಳೇ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಸೇವಂತಿಗೆ ಮುಡಿಸಿದಳು. ನಾನು ಗೆದ್ದೆನೆಂದುಕೊಂಡು ಮಾರನೇ ಬೆಳಿಗ್ಗೆ ವಾಕಿಂಗ್ ಮುಗಿಸಿ, ಬಾಯಲ್ಲಿ ಲವಂಗ ಹಾಕಿಕೊಂಡು ಬಂದೆ. ಗೇಟಿನಲ್ಲಿ ಅವಳು ಮಿಷನ್ ಹಿಡಿದು ನಿಂತಿದ್ದಳು. ನನ್ನ ಅಂಗಿಯ ಜೇಬಿನ ಮುಂದೆ ಒಮ್ಮೆ ಆಡಿಸಿದಳು. ಟಂಯ್ ಎಂದಿತು.

ಪರದೆ ನೋಡಿ ಸಮಾಧಾನವಾಗಿ ಕೇಳಿದಳು, "ಹದಿಮೂರು. ನಂಗೆ ಚಿನ್ನ ತಂದಿದೀರೇನ್ರೀ?"