ಹೊನ್ನಪ್ಪ ಮಗುಚಿ ಹಾಕಿದ ನಕ್ಷೆ

“ಮಕ್ಲೂಬ್” ಎಂದು ಗುಮಾಸ್ತ ಫೈಲನ್ನು ಹಿಂದಕ್ಕೆ ತಳ್ಳಿದಾಗ ಬೆಳಗಿನ ಹತ್ತು ಗಂಟೆ. ಅರಬ್ ನಾಡಿನಲ್ಲಿ ಬರ್ಕಾದಿಂದ ಆಚೆಗಿನ ಆ ಸಣ್ಣ ಪಟ್ಟಣದ ಬಲದಿಯಾ, ಅಂದರೆ ನಗರಸಭೆ, ಮುಚ್ಚುವುದು ಒಂದೂವರೆಗೆ. ಅಷ್ಟರೊಳಗೆ ಸೀಲು ಬೀಳದಿದ್ದರೆ ನಕ್ಷೆಗಾರ ಹೊನ್ನಪ್ಪನ ವೀಸಾ ರದ್ದು ಎಂದು ಕಂಪನಿಯ ಮ್ಯಾನೇಜರ್ ಹಕೀಂ ಹೇಳಿ ಕಳಿಸಿದ್ದರು. ಹೆಂಡತಿ ವೇದಾವತಿ ಇನ್ನೂ ಚುಟುಕಾಗಿ ಹೇಳಿದ್ದಳು: “ಸೀಲಿಲ್ದೆ ಮನೇಗೆ ಬರ್ಬೇಡಿ.”

ಅದು ಎಂಬತ್ತಾರನೆಯ ಇಸವಿ. ಎಣ್ಣೆಯ ಬೆಲೆ ನೆಲ ಕಚ್ಚಿತ್ತು. ಹೊಸ ಬಡಾವಣೆಗೆ ರಸ್ತೆ, ನೀರು, ದೀಪ ಹಾಕಿಸಲು ಯಾರ ಕೈಯಲ್ಲೂ ದುಡ್ಡಿರಲಿಲ್ಲ. ಹಕೀಂ ಉಪಾಯ ಹೂಡಿದ್ದರು: ನಕ್ಷೆಯ ಮೇಲೆ ಕೆಂಪು ಗೆರೆ ಎಳೆದು ಅದರೊಳಗಿನ ಜಾಗವನ್ನು ‘ವಿಶೇಷ ವಲಯ’ ಮಾಡಿಸುವುದು, ಗೆರೆಯೊಳಗೆ ವಾಸಿಸುವವರು ಕಂಪನಿಗೆ ವರ್ಷವರ್ಷ ಶುಲ್ಕ ಕೊಟ್ಟು ಆ ಖರ್ಚು ತುಂಬುವುದು. ಕಂಪನಿಯ ಖಾಲಿ ಬಯಲು ಹೆದ್ದಾರಿಯ ಪಶ್ಚಿಮಕ್ಕಿತ್ತು. ಪೂರ್ವಕ್ಕೆ ಹಳೆಯ ಓಣಿ. ಹೊನ್ನಪ್ಪನ ಬಾಡಿಗೆ ಮನೆ ಅಲ್ಲೇ.

ಸೀಲು ಹಾಕಿಸಿಯೇ ತೀರುತ್ತೇನೆಂದು ಹೊನ್ನಪ್ಪ ಪಕ್ಕದ ಮನೆಯ ಮಮ್ಮದ್‌ನ ಅಂಗಡಿಗೆ ಓಡಿದ. ಉಪ್ಪಿನಂಗಡಿಯ ಮಮ್ಮದ್‌ಗೆ ಗೊತ್ತಿಲ್ಲದ ವಿಷಯವಿರಲಿಲ್ಲ. ಇದ್ದರೂ ಆತ ಒಪ್ಪುತ್ತಿರಲಿಲ್ಲ.

“ಮಕ್ಲೂಬ್ ಅಂದ್ರೆ ಉಲ್ಟಾ, ಮಾರಾಯ್ರೆ. ಅರಬಿಯವರದ್ದು ಎಲ್ಲ ಬಲದಿಂದ ಎಡಕ್ಕೆ. ನಿಮ್ಮ ನಕ್ಷೆ ಎಡದಿಂದ ಬಲಕ್ಕೆ ಉಂಟು. ಆಫೀಸಿನ ಹೆಸರಲ್ಲೇ ಬಲ ಉಂಟು, ಬಲದಿಯಾ. ಇನ್ನೆಂತ ಪುರಾವೆ ಬೇಕು?”

“ನಕ್ಷೇಗೂ ಎಡ ಬಲ ಇರುತ್ತಾ ಮಮ್ಮದಣ್ಣ? ಇನ್ನೊಂದ್ಸಲ ಅವರನ್ನೇ ಕೇಳ್ಲಾ?”

“ಆ ಕ್ಯೂನಲ್ಲಿ ಕೇಳ್ಲಿಕ್ಕೆ ನಿಂತ್ರೆ ಅಲ್ಲೇ ಒಂದೂವರೆ ಆಗ್ತದೆ.”

ಆ ಮಾತು ನಾಟಿತು. ಹೊನ್ನಪ್ಪ ಹಲ್ಲು ಕಚ್ಚಿ, ಟ್ರೇಸಿಂಗ್ ಕಾಗದವನ್ನು ದೋಸೆಯ ಹಾಗೆ ಮಗುಚಿ ಹಾಕಿದ. ಈರುಳ್ಳಿ ತೂಗುವ ತಕ್ಕಡಿಯ ಪಕ್ಕದಲ್ಲೇ ಗೆರೆಗಳನ್ನು ಹಿಂಬದಿಯಿಂದ ತಿದ್ದಿ, ಅಕ್ಷರಗಳನ್ನು ಹೊಸದಾಗಿ ಬರೆದ. ಅರ್ಧದಲ್ಲಿ ಕೆಂಪು ಶಾಯಿ ಮುಗಿಯಿತು. ಮಮ್ಮದ್ ಗುಲಾಬಿ ಶರಬತ್ತಿನ ಸೀಸೆ ತಂದಿಟ್ಟ. ಗೆರೆ ಮುಗಿಯುವಷ್ಟರಲ್ಲಿ ಇರುವೆಗಳು ವಿಶೇಷ ವಲಯದಲ್ಲಿ ವಾಸ ಆರಂಭಿಸಿದ್ದವು.

ಮಮ್ಮದ್‌ನ ಪಿಕಪ್ಪು ಆಡುಗಳ ಹಿಂಡಿನ ನಡುವೆ ಸಿಕ್ಕಿಕೊಂಡಿತು. ಹೊನ್ನಪ್ಪ ಇಳಿದು ಓಡಿದ. ಜೂನ್ ತಿಂಗಳ ಬಿಸಿಲಿಗೆ ಚಪ್ಪಲಿ ಕಿತ್ತರೂ ನಿಲ್ಲಲಿಲ್ಲ.

ಒಂದೂ ಇಪ್ಪತ್ತಕ್ಕೆ ಗುಮಾಸ್ತ ಫೈಲನ್ನು ಮೂಸಿ, ಗುಲಾಬಿಯ ಪರಿಮಳಕ್ಕೆ ತಲೆದೂಗಿದ. ಆಮೇಲೆ ಫೈಲಿನ ಎಡಗಡೆ ಕಟ್ಟಿದ್ದ ದಾರವನ್ನು ಬಿಚ್ಚಿ, ಮಗುವಿಗೆ ತೋರಿಸುವಂತೆ ನಿಧಾನವಾಗಿ ಬಲಗಡೆ ಪೋಣಿಸಿದ.

“ಮಕ್ಲೂಬ್ ಖಲಾಸ್” ಎಂದು ಸೀಲು ಒತ್ತಿದ.

ಉಲ್ಟಾ ಇದ್ದದ್ದು ದಾರ ಮಾತ್ರ. ಹೊನ್ನಪ್ಪ ಫೈಲಿಗೆ ಕೈ ಚಾಚುವಷ್ಟರಲ್ಲಿ ಅದು ಬೀರು ಸೇರಿ ಬೀಗ ಬಿತ್ತು. ಅವನ ಕೈಯಲ್ಲಿ ಉಳಿದದ್ದು ಸೀಲು ಬಿದ್ದ ನಕ್ಷೆಯ ಒಂದು ನಕಲು ಮಾತ್ರ.

ಹಕೀಂ ನಕ್ಷೆಯನ್ನು ಬಹಳ ಹೊತ್ತು ನೋಡಿದರು. ಹೊನ್ನಪ್ಪ ಅಷ್ಟರಲ್ಲಿ ಮನಸ್ಸಿನಲ್ಲೇ ಸೂಟ್‌ಕೇಸ್ ತುಂಬಿ ಮುಗಿಸಿದ್ದ.

“ವಲಯ ಹೆದ್ದಾರಿಯ ಪೂರ್ವಕ್ಕೆ ಹೋಗಿದೆಯಲ್ಲ?”

“ತಪ್ಪಾಯ್ತು ಸಾರ್. ನಕ್ಷೆ ಮಗುಚಿಬಿಟ್ಟೆ.”

“ಎಂಥ ತಪ್ಪು? ಬಯಲಿಗೆ ಜನ ಬಂದು ಶುಲ್ಕ ಕೊಡ್ಲಿಕ್ಕೆ ಎರಡು ವರ್ಷ ಬೇಕಿತ್ತು. ಓಣಿಯಲ್ಲಿ ಜನ ಈಗಲೇ ಇದ್ದಾರೆ.” ಹಕೀಂ ನಕ್ಕರು. “ನಿಮ್ಮ ಕೆಲಸ ಎಲ್ಲಿಗೂ ಹೋಗುವುದಿಲ್ಲ. ನಕ್ಷೆ ಬರೆಯುವುದು ಮಾತ್ರ ಖಲಾಸ್. ಇವತ್ತಿನಿಂದ ಶುಲ್ಕ ವಸೂಲಿ ನಿಮ್ಮದೇ. ಓಣಿಯವರೆಲ್ಲ ನಿಮಗೆ ಪರಿಚಯವಲ್ಲವಾ?”

ಪಟ್ಟಿಯ ಮೊದಲ ಮನೆ ಹೊನ್ನಪ್ಪನದೇ. ಎರಡನೆಯ ಮನೆಯ ಬಾಗಿಲಲ್ಲಿ ಮಮ್ಮದ್ ಎದೆಯುಬ್ಬಿಸಿ ನಿಂತಿದ್ದ.

“ಸೀಲು ಬಿತ್ತಲ್ಲ? ನಾನು ಹೇಳಿದ ಹಾಗೆ ಮಾಡಿದ್ದಕ್ಕೆ.”

“ಬಿತ್ತು ಮಮ್ಮದಣ್ಣ” ಎಂದು ಹೊನ್ನಪ್ಪ ರಸೀದಿ ಪುಸ್ತಕವನ್ನು ಬಲಗಡೆಯಿಂದ ತೆರೆದ. “ನಿಮ್ಮ ಪೂರ್ತಿ ಹೆಸರು ಹೇಳಿ.”