ಇನ್ನೊಂದು ಹೆಜ್ಜೆ ಹಿಂದಕ್ಕೆ

ಎಲ್ಲದಕ್ಕೂ ಕಾರಣ ಒಬ್ಬ ಅಜ್ಜಿಯ ಊರುಗೋಲು. ಹಿಂದಿನ ವಾರದ ಮದುವೆಯಲ್ಲಿ ಆ ಅಜ್ಜಿ, "ಎಷ್ಟು ಹೊತ್ತೂಂತ ನಿನ್ನ ಬೆನ್ನೇ ನೋಡ್ಲಿ? ನಾನು ಬಂದಿರೋದು ಮೊಮ್ಮಗಳ ಮದುವೆ ನೋಡೋಕೆ!" ಎಂದು ಫೋಟೋಗ್ರಾಫರನ ಬೆನ್ನಿಗೆ ಒಂದು ಬಾರಿಸಿದ್ದಳು. ಕೂತವರೆಲ್ಲ ಚಪ್ಪಾಳೆ ತಟ್ಟಿದ್ದರು.

ಅವನಿಗೆ ತಂದೆತಾಯಿ ಇಟ್ಟ ಹೆಸರೊಂದಿತ್ತು. ಈಗ ಹೆಂಡತಿಯೂ ಅದನ್ನು ಬಳಸುವುದಿಲ್ಲ. ಎಲ್ಲರ ಬಾಯಲ್ಲೂ ಅವನು 'ಸ್ಮೈಲ್ ಪ್ಲೀಸ್'. ಜನರ ಕೈಗೆಲ್ಲ ಫೋನು ಬಂದ ಮೇಲೆ ಅವನ ಸ್ಟುಡಿಯೋಗೆ ಬರುವವರೆಂದರೆ ಪಾಸ್‌ಪೋರ್ಟ್ ಫೋಟೋದವರು, ಇಲ್ಲವೇ ನೊಣಗಳು. ಅಂಥದ್ದರಲ್ಲಿ ಮರದ ವ್ಯಾಪಾರದ ಸಾಹುಕಾರರು ದೊಡ್ಡ ಮಗಳ ಮದುವೆಯ ಕೆಲಸ ಕೊಟ್ಟು, "ಚೆನ್ನಾಗಿ ಮಾಡಿದ್ರೆ ಇನ್ನಿಬ್ಬರು ಹೆಣ್ಣುಮಕ್ಕಳದ್ದೂ ನಿನಗೇ. ಇಲ್ಲಾಂದ್ರೆ ಈ ಕಡೆ ತಲೆ ಹಾಕ್ಬೇಡ" ಎಂದಿದ್ದರು. ಆ ಮದುವೆ ಸಂಜೆ ಹೊತ್ತಿನದು. ಮಿಕ್ಕ ಎರಡು ಮದುವೆ ಸಿಕ್ಕರೆ ಸ್ಟುಡಿಯೋ ಉಳಿಯುತ್ತದೆ, ಇಲ್ಲವೆಂದರೆ ಬಾಗಿಲು ಹಾಕಬೇಕು.

ಯಾರಿಗೂ ಅಡ್ಡ ಬಾರದೆ, ತುಸು ಹಿಂದೆ ನಿಂತೇ ತೆಗೆಯುವಂಥ ಜೂಮ್ ಲೆನ್ಸು ತರಲು ಅವನು ಮದುವೆಯ ದಿನ ಬೆಳಿಗ್ಗೆ ಹೊರಟ. "ಅಪ್ಪನ್ನೂ ಕರ್ಕೊಂಡು ಹೋಗಿ, ಅವರಿಗೆ ಲೆನ್ಸಿನ ವಿಷಯ ಗೊತ್ತು" ಎಂದಳು ಹೆಂಡತಿ. ಮಾವ ನಿವೃತ್ತ ಸರ್ವೇಯರ್. ಮೂವತ್ತು ವರ್ಷ ಒಂದು ಕಣ್ಣು ಮುಚ್ಚಿ ದುರ್ಬೀನಿನಲ್ಲಿ ಪರರ ಜಮೀನು ಅಳೆದವರು, ಈಗ ಎರಡೂ ಕಣ್ಣು ಬಿಟ್ಟುಕೊಂಡು ಅಳಿಯನನ್ನು ಅಳೆಯುತ್ತಿದ್ದರು.

ಕ್ಯಾಮೆರಾ ಅಂಗಡಿಯವನು ವಿಷಯ ತಿಳಿದವನು. ಮೋಟು ಲೆನ್ಸೊಂದನ್ನು ಮುಂದಿಟ್ಟ. "ಮದುವೆಗೆ ಇದೇ ಸರಿ ಸಾರ್. ಇಪ್ಪತ್ನಾಲ್ಕರಿಂದ ಎಪ್ಪತ್ತು ಎಂ.ಎಂ. ಗುಂಪೂ ಬರುತ್ತೆ, ಒಂಟಿ ಮುಖಾನೂ ಬರುತ್ತೆ."

ಸ್ಮೈಲ್ ಪ್ಲೀಸ್‌ನ ಮನಸ್ಸಿನಲ್ಲಿದ್ದದ್ದೂ ಅದೇ. ಅವನು ಕೈ ಚಾಚುವಷ್ಟರಲ್ಲಿ ಮಾವ ಮೂಗು ಮುರಿದರು. "ಅದೇನ್ರೀ, ಉಪ್ಪಿನ ಡಬ್ಬಿ ಇದ್ದ ಹಾಗಿದೆ! ಆ ಬಿಳೀದು, ಉದ್ದದ್ದು ಯಾವುದು?"

"ಎಪ್ಪತ್ತರಿಂದ ಇನ್ನೂರು ಸಾರ್. ಒಳ್ಳೇದೇ. ಆದ್ರೆ ಇದೊಂದೇ ಇಟ್ಕೊಂಡ್ರೆ ಗುಂಪು ಫೋಟೋಗೆ ತುಂಬಾ ಹಿಂದೆ ಹೋಗ್ಬೇಕಾಗುತ್ತೆ."

"ಹಿಂದೆ ಹೋಗೋಕೇ ತಾನೇ ನಾವು ಬಂದಿರೋದು! ಎರಡು ಗುಡ್ಡದಾಚೆ ಇರೋ ಕಲ್ಲನ್ನ ಅಂಗೈಗೆ ತಂದವನು ನಾನು. ನನಗೇ ಹೇಳ್ತೀರಾ?"

"ಮಾವ, ಮದುವೆ ಹಾಲಲ್ಲಿ ಗುಡ್ಡ ಇರಲ್ವಲ್ಲ..."

"ಅಳಿಯಂದ್ರೇ, ದುಡ್ಡು ಕೊಡ್ತಿರೋದು ಯಾರು?"

ಮಾವ ಹಿಡಿದ ಮೊಲಕ್ಕೆ ಮೂರೇ ಕಾಲು. ಬಿಳೀ ಲೆನ್ಸನ್ನೇ ಕೊಂಡರು. ಸಾಲದ್ದಕ್ಕೆ ಅಳಿಯನ ಹಳೇ ಲೆನ್ಸನ್ನೂ ಬದಲಿಗೆ ಕೊಟ್ಟುಬಿಟ್ಟರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

ಸಂಜೆ ಮೊದಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಹಾಲಿನ ಹಿಂದಿನ ಗೋಡೆಗೆ ಒರಗಿಯೇ ಅವನು ಮದುಮಗಳ ಕಣ್ಣಂಚಿನ ನೀರು ಹಿಡಿದ, ಮದುಮಗ ಕದ್ದು ಆಕಳಿಸಿದ್ದನ್ನೂ ಹಿಡಿದ. ಅಷ್ಟರಲ್ಲಿ ಸಾಹುಕಾರರು, "ಈಗ ಮನೆಯವರೆಲ್ಲ ಸೇರಿ ಒಂದು ಫೋಟೋ!" ಎಂದು ಕೂಗಿದರು. ನಲವತ್ತು ಜನ ವೇದಿಕೆ ಹತ್ತಿದರು.

ಕ್ಯಾಮೆರಾದಲ್ಲಿ ಕಂಡದ್ದು ಅವರಲ್ಲಿ ಅರ್ಧ ಜನ. ಬೆನ್ನಿಗೆ ಗೋಡೆ. ಪಕ್ಕದ ದೊಡ್ಡ ಬಾಗಿಲಿಗೆ ಸರಿದು ಒಂದು ಹೆಜ್ಜೆ ಹಿಂದಿಟ್ಟ, ಇನ್ನೊಂದು ಇಟ್ಟ. ಮೆಟ್ಟಿಲಿಳಿದ, ಚಪ್ಪಲಿಗಳ ರಾಶಿ ತುಳಿದ, ಗೇಟು ದಾಟಿದ. ಆದರೂ ಅತ್ತ ಒಬ್ಬ ಭಾವ, ಇತ್ತ ಇಬ್ಬರು ಚಿಕ್ಕಮ್ಮಂದಿರು ಫ್ರೇಮಿನ ಹೊರಗೇ ಉಳಿದರು. ರಸ್ತೆಗೆ ಕಾಲಿಡುತ್ತಲೇ ಬಸ್ಸು ಕಿರ್ರೆಂದು ನಿಂತಿತು. "ಏನ್ ಸ್ವಾಮಿ, ಮನೇಲಿ ಹೇಳಿ ಬಂದಿದೀರಾ?" ಎಂದ ಡ್ರೈವರು.

ಎದುರು ಟೈರಿನ ಅಂಗಡಿ. ಅವನು ಟೈರುಗಳ ರಾಶಿ ಹತ್ತಿದ.

"ಪಂಕ್ಚರ್ ಆಗಿರೋದು ಯಾವುದಣ್ಣ?" ಅಂಗಡಿಯವನು ಕೇಳಿದ.

"ನನ್ನ ಹಣೆಬರಹ!"

ಅಲ್ಲಿಂದ ನಲವತ್ತು ಜನರೂ ಬಾಗಿಲ ಚೌಕಟ್ಟಿನೊಳಗೆ ಅಚ್ಚುಕಟ್ಟಾಗಿ ಕೂತರು. ಆದರೆ ಅವರಿಗೆ ಇವನು ಕಾಣಬೇಕಲ್ಲ! ಒಬ್ಬೊಬ್ಬರದು ಒಂದೊಂದು ಕಡೆ ಮುಖ. ಆಗ ಅಳಿಯನ ಜೊತೆ ಬಂದಿದ್ದ ಮಾವನೇ ವೇದಿಕೆಯ ಮುಂದೆ ನುಗ್ಗಿದರು.

"ಎಡಗಡೆಯವರು ಒಂದಡಿ ಒಳಗೆ ಬನ್ನಿ! ಎತ್ತರದವರು ಹಿಂದಕ್ಕೆ! ಚಿಕ್ಕಮ್ಮೋರೇ, ಗಡಿ ದಾಟ್ತಿದೀರಿ!" ಎಂದು ಒಬ್ಬೊಬ್ಬರ ಗಲ್ಲ ಹಿಡಿದು ತಿರುಗಿಸಿದರು. ಎಲ್ಲ ಸರಿಹೋದಾಗ ಕೆಂಪು ಕರ್ಚೀಫು ಬೀಸಿದರು. ರಸ್ತೆಯಾಚೆ ಅಳಿಯ, ಎರಡು ಬಸ್ಸುಗಳ ನಡುವೆ ಸಿಕ್ಕ ಸಂದಿಯಲ್ಲಿ ಕ್ಲಿಕ್ಕಿಸಿದ. ಹುಡುಗನ ಕಡೆಯವರು, ಗೆಳತಿಯರು, ವ್ಯಾಪಾರದವರು ಎಂದು ಒಂದು ಗಂಟೆ ಇದೇ ನಡೆಯಿತು.

ಕೊನೆಗೆ ಸಾಹುಕಾರರು ಕ್ಯಾಮೆರಾ ಕೈಗೆ ತೆಗೆದುಕೊಂಡು ಫೋಟೋಗಳನ್ನು ಒಂದೊಂದಾಗಿ ನೋಡಿದರು. ಸ್ಮೈಲ್ ಪ್ಲೀಸ್ ಕತ್ತು ಚಾಚಿ ಅವರ ಹೆಗಲ ಮೇಲಿಂದ ಇಣುಕಿದ.

"ಭೇಷ್! ನನ್ನ ಮನೆಯವರನ್ನೆಲ್ಲ ಒಂದೇ ಕಡೆ ನೋಡೋ ಹಾಗೆ ಮಾಡೋದು ನನ್ನ ಕೈಲೇ ಆಗಿಲ್ಲ. ಇನ್ನೆರಡು ಮದುವೇನೂ ಖಾಯಂ!"

ಅವನಿಗೆ ಕಣ್ಣು ತುಂಬಿ ಬಂತು. ಕೈ ಮುಗಿದು ಬಗ್ಗಿದ. ಸಾಹುಕಾರರ ಕೈ ಅವನ ತಲೆಯ ಮೇಲಿಂದ ಹಾದು ಮಾವನ ಹೆಗಲ ಮೇಲೆ ಕೂತಿತು.

"ಫೋಟೋಗ್ರಾಫರ್ ಅಂದ್ರೆ ನೀವು ಯಜಮಾನ್ರೇ! ಒಂದು ಗಂಟೆ ಬೆವರು ಸುರಿಸಿದ್ದನ್ನ ನಾನೇ ನೋಡಿದೀನಿ."

"ಸಾಹುಕಾರ್ರೇ, ಫೋಟೋ ತೆಗೆದಿದ್ದು ನಾನು!"

"ನೀನಾ? ನೀನು ಟೈರ್ ಅಂಗಡೀಲಿ ಕೂತಿದ್ದೆ. ಗುಂಡಿ ಯಾರು ಬೇಕಾದ್ರೂ ಒತ್ತುತ್ತಾರೆ ಹೋಗಯ್ಯ."

ಈಗಲಾದರೂ ನಿಜ ಹೇಳಲಿ ಎಂದು ಅವನು ಮಾವನ ಮುಖ ನೋಡಿದ. ಮಾವ ಬೆವರು ಒರೆಸಿಕೊಂಡು, "ಏನೋ, ನಿಮ್ಮ ದೊಡ್ಡತನ" ಎಂದು ಸಾಹುಕಾರರಿಗೆ ಕೈ ಮುಗಿದರು. ಆಮೇಲೆ ಅಳಿಯನ ಬೆನ್ನು ತಟ್ಟಿದರು.

"ಯೋಚನೆ ಮಾಡ್ಬೇಡಿ ಅಳಿಯಂದ್ರೇ, ನಿಮ್ಮನ್ನ ಕೈ ಬಿಡ್ತೀನಾ? ಗುಂಡಿ ಒತ್ತೋಕೆ ನೀವೇ ಬನ್ನಿ. ಸ್ಟುಡಿಯೋ ಬೋರ್ಡ್ ಮಾತ್ರ ನಾಳೇನೇ ನನ್ನ ಹೆಸರಿಗೆ ಬದಲಾಯಿಸೋಣ."