ಟವೆಲ್ ಹಾಕಿದ ಸೀಟು

ಮಿದುಳಿನ ಮ್ಯಾಲೆ ಸಂಶೋಧನಾ ಮಾಡಾಕಿ ಅಂದ್ರ ಜನ ನನ್ನ ಭಾಳ ಶಾಣ್ಯಾಕಿ ಅಂತ ತಿಳಕೋತಾರ. ನನ್ನ ಕೆಲಸ ಇಷ್ಟ: ಮಿದುಳಿನ ಯಾವ ಭಾಗ ಯಾವ ಭಾಗದ ಕೂಡ ಮಾತಾಡತೈತಿ, ಮರವಿನ ರೋಗ ಬಂದಾಗ ಆ ದಾರಿ ಎಲ್ಲೆಲ್ಲಿ ಕಡದು ಹೋಗತಾವ ಅಂತ ನೋಡೂದು. ಅದಕ್ಕ ತಂತಿ ಹಚ್ಚಿದ ಒಂದು ಟೊಪಗಿ, ಒಂದು ಲ್ಯಾಪ್‌ಟಾಪ್ ತಗೊಂಡು ಊರೂರು ತಿರಗತೇನಿ. ಪರೀಕ್ಷಾ ಮಾಡಾಕ ಹೋಗಾಕಿ ನಾನು. ಆದ್ರ ಹೋದಲ್ಲೆಲ್ಲಾ ಯಾರರ ಒಬ್ರು ನನ್ನನ್ನ ಪರೀಕ್ಷಾ ಮಾಡಿ ಕಳಸ್ತಾರ.

೧. ಹಡಗು

ತೊರಗಲ್ಲದಾಗ ಒಬ್ಬಾಕಿ ಆಯಿ. ಮೂರು ಶಬ್ದ ಹೇಳಿ, ಹತ್ತು ನಿಮಿಷ ಬಿಟ್ಟು ತಿರುಗಿ ಕೇಳೂದು ನಮ್ಮ ಪದ್ಧತಿ. ಪುಸ್ತಕದಾಗ ಇದ್ದಂಗ “ಹಡಗು, ಪಿಯಾನೋ, ಸೇಬು” ಅಂದೆ.

“ಹಡಗ ನಾ ಕಂಡೇ ಇಲ್ಲ ತಂಗಿ. ಕಾಣದ್ದು ಹೆಂಗ ನೆನಪ ಇಟಗೊಳ್ಳಲಿ?”

ಖರೇ ಮಾತು. ಎಮ್ಮಿ, ಕುಡಗೋಲು, ಬೆಲ್ಲ ಅಂತ ಬದಲಿ ಮಾಡಿದೆ. ಹತ್ತು ನಿಮಿಷ ಆದಮ್ಯಾಲೆ ಕೇಳಿದೆ.

“ಎಮ್ಮಿ ಮಾರೇವಿ. ಕುಡಗೋಲ ಮಗಳು ಒಯ್ದಾಳ. ಬೆಲ್ಲ ಬೇಕಂದ್ರ ಮದಲ ಹೇಳಬಾರದ? ಇಷ್ಟೊತ್ತು ಉಪವಾಸ ಕುಂತೀದಿ.”

ಪೂರಾ ಮಾರ್ಕ್ಸ ಕೊಟ್ಟು, ಬೆಲ್ಲ ತಿಂದು ಬಂದೆ.

೨. ಟೊಪಗಿ

ಸವದತ್ತಿಯಾಗ ಒಬ್ರು ಟೇಲರ್ ಚಾಚಾ. ಟೊಪಗಿ ಹಾಕಿ, “ಕಣ್ಣ ಮುಚ್ಚಿ ಸುಮ್ಮ ಕುಂದರ್ರಿ, ಮಾತಾಡಬ್ಯಾಡ್ರಿ” ಅಂದೆ. ಅವರು ಕುಂತ್ರು. ಚಾಚಿ ಬಾಗಲದಾಗ ಮೂರು ಸಲ ಹಣಿಕಿ ಹಾಕಿ ಹೋದ್ರು. ನಾ ಎಲ್ಲಾ ಬಿಚ್ಚಿ ಪೆಟಗಿ ಕಟ್ಟೂವಾಗ ಹತ್ರ ಬಂದ್ರು.

“ಲ್ಯಾಪ್‌ಟಾಪ್ ಒಯ್ರಿ. ಟೊಪಗಿ ಇಲ್ಲೇ ಇರಲಿ. ಲಗ್ನ ಆದಮ್ಯಾಲೆ ಇವರು ಇಷ್ಟೊತ್ತು ಬಾಯಿ ಮುಚ್ಚಿದ್ದು ಇವತ್ತ ನೋಡಿದೆ.”

೩. ಅಪ್ಪ

ನಮ್ಮಪ್ಪ ಬೈಲಹೊಂಗಲ ಬಸ್ ಸ್ಟ್ಯಾಂಡಿನಾಗ ಕಂಟ್ರೋಲರ್ ಇದ್ದ. ನನ್ನ ಕೆಲಸ ಏನಂತ ಅವಗ ತಿಳಿಸಾಕ ಹೋದ್ರ ಅವನ ನನಗ ತಿಳಿಸಿದ.

“ಇಷ್ಟೇನ? ಹಳ್ಳ ತುಂಬಿ ಬಂದು ಸವದತ್ತಿ ದಾರಿ ಬಂದ್ ಆತಂದ್ರ ರಾಮದುರ್ಗ ಗಾಡಿ ಯರಗಟ್ಟಿ ಮ್ಯಾಲಿಂದ ತರಸ್ತೀವಿ. ತಡಾ ಆಗತೈತಿ, ಆದ್ರ ಮುಟ್ಟತೈತಿ.”

ಮಿದುಳೂ ಹಂಗ ಮಾಡತೈತಿ ಅಂತ ಹೇಳಾಕ ನನಗ ಒಂದು ಪಿಎಚ್‌ಡಿ ಬೇಕಾತು.

ಕಿಡಕ್ಯಾಗಿಂದ ಟವೆಲ್ ಒಗದು ಸೀಟ ಹಿಡಿಯೂ ಮಂದಿ ಕಂಡ್ರ ಮಾತ್ರ ಅವಗ ಆಗತಿದ್ದಿಲ್ಲ. “ಟವೆಲ್ ಹಾಕಿದ್ರ ಸೀಟ ನಿಮ್ಮದಾಗೂದಿಲ್ರಿ” ಅಂತ ಮೈಕಿನಾಗ ಒದರತಿದ್ದ. ಕಾಲೇಜಿಗೆ ಹೋಗೂವಾಗ ಒಮ್ಮೆ ನಾನೂ ಟವೆಲ್ ಒಗದಿದ್ದೆ. ಒಳಗ ಬಂದು ತಗದು ನನ್ನ ಕೈಯಾಗ ಕೊಟ್ಟು, ಸೀಟಿನ್ಯಾಗ ಒಬ್ಬಾಕಿ ಮುದುಕಿನ್ನ ಕುಂದ್ರಿಸಿ, “ನಿಂತ ಹೋಗು” ಅಂದ. ಧಾರವಾಡದ ತನಕಾ ನಿಂತ ಹೋದೆ. ಎಂಟ ದಿನ ಮಾತ ಬಿಟ್ಟಿದ್ದೆ.

೪. ಹೋದ ರವಿವಾರ

ಈಗ ಆ ಮರವಿನ ರೋಗ ನಮ್ಮಪ್ಪಗ ಬಂದೈತಿ. ಅವನ ತಲಿಗೂ ಟೊಪಗಿ ನಾನ ಹಾಕೇನಿ. ಯಾವ ದಾರಿ ಕಡದಾವ ನನಗ ಗೊತ್ತು, ಕೂಡಸಾಕ ಬರೂದಿಲ್ಲ. ಇಷ್ಟ ಓದೇನಿ ನಾನು. ಒಂದ ಸಲ ನನ್ನ ಗುರ್ತ ಹಿಡದು ಮಾತಾಡಿಸಿದ್ರ ಸಾಕು ಅಂತ ಪ್ರತಿ ರವಿವಾರ ನಾ ಈಗ ಇರೂ ರಾಮದುರ್ಗದಿಂದ ಬೈಲಹೊಂಗಲಕ್ಕ ಬರತೇನಿ, ಬಸ್ಸಿನ್ಯಾಗ ಅಳಕೊಂತ ಹೊಳ್ಳಿ ಹೋಗತೇನಿ.

ಹೋದ ರವಿವಾರ ಪಡಸಾಲ್ಯಾಗ ಕುಂತಿದ್ದ. ಬಾಜೂಕಿನ ಕುರ್ಚಿ ಮ್ಯಾಲೆ ಅವನ ಟವೆಲ್ ಇತ್ತು. ಸರಿಸಿ ಕುಂದರಾಕ ಹೋದೆ, ಕೈ ಅಡ್ಡ ಹಿಡದ.

“ಈ ಸೀಟಿಗೆ ಮಂದಿ ಅದಾರ್ರಿ ಅಕ್ಕಾರ. ನನ್ನ ಮಗಳು ಬರಾಕಿ ಅದಾಳ, ರಾಮದುರ್ಗ ಗಾಡಿಗೆ.”

“ಟವೆಲ್ ಹಾಕಿದ್ರ ಸೀಟ ಆಗೂದಿಲ್ಲ ಅಂತಿದ್ರಲ್ಲಾ?” ಅಂದೆ.

“ಅದು ಮಂದಿಗೆ ಹೇಳೂದ್ರಿ,” ಅಂದ, ಸಣ್ಣ ದನೀಲೆ. “ಒಮ್ಮೆ ಧಾರವಾಡದ ತನಕಾ ನಿಲ್ಲಿಸೇನಿ ಅಕೀನ್ನ. ಇವತ್ತರ ಕುಂದರಲಿ.”

“ಅಕಿ ಬರದಿದ್ರ?”

“ಬರತಾಳ್ರಿ. ಸವದತ್ತಿ ದಾರಿ ಬಂದ್ ಆಗೇತಿ. ಯರಗಟ್ಟಿ ಮ್ಯಾಲಿಂದ ಸುತ್ತ ಹಾಕಿ ಬರಾಕತ್ತಾಳ. ತಡಾ ಆಗತೈತಿ, ಆದ್ರ ಮುಟ್ಟತಾಳ.”

ಅವ್ವ ಒಳಗಿಂದ ಚಾ ತಂದ್ಲು. “ಯಾಕ ನಿಂತೀ, ಕುಂದರ,” ಅಂದ್ಲು.

“ಸೀಟ ಇಲ್ಲಬೇ,” ಅಂದೆ. ನಕ್ಕೊಂತ ಅಳಕೊಂತ ನಿಂತ ಚಾ ಕುಡದೆ.